ಕಮಲಾಪುರದ ಹೆಣ್ಣುಮಕ್ಕಳ ಅಭಿಪ್ರಾಯ

ಶಹಾಬಾದಿ ಕಲ್ಲಿನ ಫರಸಿಯ ಮೇಲೆ ಕಬ್ಬಿಣದ ಕುರ್ಚಿ ಎಳೆದ ಸದ್ದು. ಕಮಲಾಪುರದ ಪ್ರವಾಸಿ ಮಂದಿರ ಎಂದರೆ ನನಗೆ ಮೊದಲು ಕೇಳಿಸುವುದು ಅದೇ. ಇಪ್ಪತ್ತು ವರ್ಷಗಳ ಹಿಂದೆ ಆ ಕುರ್ಚಿಯನ್ನು ಎಳೆದುಕೊಂಡು, ಒಳಕೋಣೆಯ ಬಾಗಿಲಿಗೆ ನೇರ ಎದುರಾಗಿ ಕೂತವರು ನಮ್ಮ ಪಕ್ಷದ ಸಾಹುಕಾರರು. ಒಳಗೆ ಬೆಂಗಳೂರಿನಿಂದ ಬಂದ ವೀಕ್ಷಕರು ಕಾರ್ಯಕರ್ತರನ್ನು ಒಬ್ಬೊಬ್ಬರಾಗಿ ಕರೆದು, ವಿಧಾನಸಭೆಗೆ ಯಾರಿಗೆ ಟಿಕೆಟ್ ಕೊಡಬೇಕು ಎಂದು ಕೇಳುತ್ತಿದ್ದರು. ಅರ್ಜಿ ಹಾಕಿದವರು ಇಬ್ಬರು, ಸಾಹುಕಾರರು ಮತ್ತು ನಾನು. ಬಾಗಿಲು ತೆರೆದೇ ಇತ್ತು. ನನ್ನ ಜೊತೆ ಹಳ್ಳಿ ಹಳ್ಳಿ ತಿರುಗಿದ್ದ ಹೆಣ್ಣುಮಕ್ಕಳು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಸಾಹುಕಾರರ ಕಣ್ಣೆದುರೇ ದಾಟಬೇಕಿತ್ತು. ಅಷ್ಟೂ ಜನ ಅವರ ಹೆಸರನ್ನೇ ಹೇಳಿ ಬಂದರು.

ಹೊರಡುವಾಗ ಸಾಹುಕಾರರು ವರಾಂಡಾಕ್ಕೆಲ್ಲ ಕೇಳುವಂತೆ ಅಂದರು. "ನಮ್ಮ ಇಂಗ್ಲಿಷ್ ಮೇಡಮ್ಮಾರಿಗೆ ಒಂದು ಚಾ ಕೊಡ್ರೋ. ಸಿಸ್ಟರ್‌ಗಳ ಕಾನ್ವೆಂಟ್ ಸಾಲ್ಯಾಗ ಕಲ್ತಾರ, ಅಲ್ಲಿ ವೋಟು ಕೇಳೋದು ಕಲಿಸಂಗಿಲ್ಲ."

ಎಲ್ಲರೂ ನಕ್ಕರು. ನನ್ನ ಜೊತೆ ತಿರುಗಿದ್ದ ಹೆಣ್ಣುಮಕ್ಕಳೂ ನಕ್ಕರು.

ಟಿಕೆಟ್ ಸಾಹುಕಾರರಿಗೇ ಸಿಕ್ಕಿತು. ಅವರು ಗೆದ್ದರು, ಸೋತರು, ಮತ್ತೆ ಗೆದ್ದರು, ಮತ್ತೆ ಸೋತರು. ನಾನು ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯ ನನ್ನ ಮನೆಯಲ್ಲಿ, ಕಾಲೇಜು ಹುಡುಗಿಯರಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತಾ ಮುದುಕಿಯಾದೆ. ಅವರು 'ಐ ಹ್ಯಾಡ್ ಗಾನ್, ಐ ಹ್ಯಾಡ್ ಸೀನ್' ಎಂದು ಒಪ್ಪಿಸುವಾಗ ನನ್ನ ಮನಸ್ಸು ಎಷ್ಟೋ ಸಲ ಆ ವರಾಂಡಾದಲ್ಲೇ ಇರುತ್ತಿತ್ತು. ಎಂಎಲ್‌ಎ ಆಗಿದ್ದರೆ ಏನೇನು ಮಾಡುತ್ತಿದ್ದೆ ಎಂಬ ಲಿಸ್ಟ್ ಕೂಡ ಇತ್ತು. ಪಕ್ಷ ಮಾತ್ರ ಬಿಡಲಿಲ್ಲ. ಬಿಟ್ಟಿದ್ದರೆ ಕಾಯುವುದು ಹೇಗೆ?

ಹೋದ ಚುನಾವಣೆಗೆ ಕಮಲಾಪುರಕ್ಕೆ ನನ್ನನ್ನೇ ವೀಕ್ಷಕಳನ್ನಾಗಿ ಮಾಡಿದರು. ಆ ಸಲವೂ ಅರ್ಜಿ ಎರಡು: ಸಾಹುಕಾರರದ್ದು, ಒಬ್ಬ ವಕೀಲನದ್ದು. ನನ್ನ ಜೊತೆಗಿದ್ದ ಇನ್ನೊಬ್ಬ ವೀಕ್ಷಕರು ಮೈಸೂರು ಕಡೆಯವರು. "ಮೇಡಂ, ನಿಮ್ಮ ಕಡೆ ಮಾತು ನನಗೆ ಪೂರ್ತಿ ಹಿಡಿಯಲ್ಲ. ಗಂಡಸರನ್ನ ನಾನು ಕೇಳ್ತೀನಿ, ಹೆಣ್ಣುಮಕ್ಕಳನ್ನ ನೀವೇ ನೋಡ್ಕೊಂಡ್ಬಿಡಿ" ಎಂದರು.

ಸಾಹುಕಾರರು ಆಗಲೇ ಅದೇ ಪ್ರವಾಸಿ ಮಂದಿರದ ವರಾಂಡಾದಲ್ಲಿ ಬಾಗಿಲಿಗೆ ಎದುರಾಗಿ ಕೂತಿದ್ದರು. ಅರ್ಜಿದಾರರು ಗೇಟಿನ ಹೊರಗಿರಬೇಕು, ರೂಲ್ ಈಸ್ ರೂಲ್, ಎಂದೆ.

"ಏನ್ರಿ ಮೇಡಮ್ಮಾರ, ಮೊಣಕಾಲು ಹಿಡದಾವ. ಈ ಬಿಸಲಾಗ ಎಲ್ಲಿ ನಿಂದರಲಿ?"

"ಬಸ್‌ಸ್ಟ್ಯಾಂಡಿನ್ಯಾಗ ನೆರಳದ. ಕಮಲಾಪುರದ ಮಂದಿ ಎಲ್ಲಾ ಅಲ್ಲೇ ಕೂಡತಾರ, ನೀವೂ ಕೂಡ್ರಿ."

ಯಾರೋ ಕಿಸಕ್ಕೆಂದರು. ಆ ನಗು ಎಷ್ಟು ಸ್ವೀಟ್ ಆಗಿತ್ತು ಎಂದು ಹೇಳಲಾರೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮೊದಲು ಬಂದವಳು ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುವವಳು. ಅಂಜಬೇಡ, ಇಲ್ಲಿ ಯಾರೂ ಇಲ್ಲ, ಮನಸ್ಸಿನಾಗ ಇದ್ದದ್ದು ಹೇಳು ಎಂದೆ.

"ಅಂಜೋದು ಯಾಕ್ರೀ ಅವ್ವಾರ? ಸಾಹುಕಾರ್ರಿಗೇ ಕೊಡ್ರಿ. ನನ್ನ ಮಗಳು ಹೆರಿಗ್ಯಾಗ ಸಾಯಾಕತ್ತಿದ್ಲು. ತಾವೇ ಜೀಪ್ ಹೊಡಕೊಂಡು ಕಲಬುರಗಿಗೆ ಒಯ್ದಾರ. ಆ ಮಾತು ಇವತ್ತಿಗೂ ಯಾರ ಮುಂದೂ ಆಡಿಲ್ಲ ಅವರು."

ಇಂಥದ್ದನ್ನು ನಾನು ಎಕ್ಸ್‌ಪೆಕ್ಟ್ ಮಾಡಿರಲಿಲ್ಲ. ಆಮೇಲೆ ಬಂದವರಲ್ಲೂ ಹೆಚ್ಚಿನವರು ಅವರ ಹೆಸರನ್ನೇ ಹೇಳಿದರು, ಒಬ್ಬಳು ಹಾಸ್ಟೆಲ್ ಸೀಟು ಕೊಡಿಸಿದ್ದಕ್ಕೆ, ಒಬ್ಬಳು ನೀರಿನ ಪೈಪು ಹಾಕಿಸಿದ್ದಕ್ಕೆ. ಮುಚ್ಚಿದ ಬಾಗಿಲ ಹಿಂದೆ, ಯಾರ ಹೆದರಿಕೆಯೂ ಇಲ್ಲದೆ.

ಗಂಡಸರ ಅಭಿಪ್ರಾಯ ಸಮಸಮವಾಗಿ ಒಡೆದಿತ್ತು. ಹೆಣ್ಣುಮಕ್ಕಳ ಮಾತೇ ತೀರ್ಮಾನ. ಸಿಸ್ಟರ್‌ಗಳು ಸ್ಕೇಲ್‌ನಿಂದ ಬೆರಳ ಗಂಟಿಗೆ ಹೊಡೆದು ಕಲಿಸಿದ ಕರ್ಸಿವ್ ಅಕ್ಷರದಲ್ಲಿ ನಾನು ರಿಪೋರ್ಟ್ ಬರೆದೆ: ಮಹಿಳಾ ಕಾರ್ಯಕರ್ತೆಯರೆಲ್ಲರೂ ವಕೀಲರ ಪರ, ಮಾಜಿ ಶಾಸಕರ ಹೆಸರನ್ನು ಯಾರೂ ಸೂಚಿಸಲಿಲ್ಲ. ಮೈಸೂರಿನವರು ಓದಿ, "ಅಬ್ಬ, ಎಷ್ಟು ನೀಟಾಗಿದೆ!" ಎಂದು ಸಹಿ ಹಾಕಿದರು.

ಟಿಕೆಟ್ ವಕೀಲನಿಗೆ ಬಂತು. ಪಟ್ಟಿ ಬಂದ ದಿನ ಅಂಗಡಿಯಿಂದ ಪೇಢೆ ತರಿಸಿ ಒಬ್ಬಳೇ ತಿಂದೆ. ಪಶ್ಚಾತ್ತಾಪ ಆಗಬೇಕಿತ್ತೇನೋ, ಆಗಲಿಲ್ಲ.

ಚುನಾವಣೆ ಮುಗಿದ ಮೇಲೆ ಒಂದು ಬೆಳಗ್ಗೆ ಸಾಹುಕಾರರು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರು. ಜೊತೆಗೆ ಯಾರೂ ಇರಲಿಲ್ಲ, ಕೈಯಲ್ಲಿ ಕೋಲಿತ್ತು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಟಿಕೆಟ್ ಸಲುವಾಗಿ ಬಂದಿಲ್ರಿ. ಅದು ಮುಗೀತು. ಒಂದು ಮಾತು ಕೇಳೂದದ. ಹೆಣ್ಣುಮಕ್ಕಳಾಗ ಒಬ್ಬಾಕಿನೂ ನನ್ನ ಹೆಸರು ಹೇಳಿಲ್ಲಂತ ಬೆಂಗಳೂರಾಗ ಅಂದ್ರು. ಖರೇನ್ರಿ?"

"ಅವರನ್ನೇ ಕೇಳಬಹುದಿತ್ತಲ್ರಿ," ಎಂದೆ.

"ಕೇಳೀನ್ರಿ. ಎಲ್ಲಾರೂ 'ಸಾಹುಕಾರ್ರ, ನಿಮ್ಮ ಹೆಸರೇ ಹೇಳೀವಿ' ಅಂತಾರ." ಅವರು ನಕ್ಕರು. "ನನ್ನ ಮುಂದ ಇಲ್ಲ ಅಂದವರು ಇವತ್ತಿನ ತನಕ ಯಾರದಾರ ಹೇಳ್ರಿ? ಅವರ ಮಾತು ಹೆಂಗ ನಂಬಲಿ? ನೀವು ನನಗ ಆಗದವರು. ನೀವು ಹೇಳಿದ್ರ ನಂಬ್ತೀನಿ."

ನಾನು ಅವರ ಕಣ್ಣನ್ನೇ ನೋಡಿ ಹೇಳಿದೆ.

"ಖರೇ ಅದ. ಒಬ್ಬರೂ ಹೇಳಲಿಲ್ಲ."

ಅವರು ತಲೆಯಾಡಿಸಿ, ಕೈ ಮುಗಿದು, ಗೋಡೆ ಹಿಡಿದು ಇಳಿಯತೊಡಗಿದರು. ಏಳು ಮೆಟ್ಟಿಲು. ಇಳಿಯಲು ಬಹಳ ಹೊತ್ತು ಹಿಡಿಯಿತು, ಕೂಗಿ ಕರೆಯಲು ಸಾಕಾಗುವಷ್ಟು ಹೊತ್ತು. ನಾನು ಬಾಗಿಲಲ್ಲೇ ನಿಂತು ಪೂರ್ತಿ ನೋಡಿದೆ. ಆಮೇಲೆ ಅವರನ್ನು ನೋಡಲಿಲ್ಲ.