ಬೇಡಿ ಬಿಚ್ಚಿಸಿದ ವಾರ್ಡರ್

ಚಲೇಜಾವ್ ಚಳವಳಿಯ ಕಾಲದಲ್ಲಿ ನನ್ನನ್ನು ತಿಕೋಟಾದಲ್ಲಿ ಹಿಡಿದು, ಕಾಲಿಗೆ ಬೇಡಿ ಹಾಕಿ ಜೈಲಿಗೆ ಕಳಿಸಿದರು. ನಮ್ಮ ಕೋಣೆ ಕಾಯುತ್ತಿದ್ದ ವಾರ್ಡರ್ ಅರಕೇರಿ ಊರಿನವರು. ಯಾರದೋ ಮನೆಗೆ ಬಂದವರಂತೆ ಬಾಗಿಲ ಹೊರಗೆ ಕೆಮ್ಮಿಯೇ ಒಳಗೆ ಬರುತ್ತಿದ್ದರು. ಇದಕ್ಕೆ ಉಳಿದ ವಾರ್ಡರರು ನಕ್ಕರೆ, “ಒಳಗ ಇರಾವ್ರೂ ಮನಶ್ಯಾರ ಅಲ್ಲೇನ್ರಿ?” ಎನ್ನುತ್ತಿದ್ದರು.

ಒಮ್ಮೆ ನನಗೆ ವಿಷಮಜ್ವರ ಬಂತು. ಬೇಡಿ ತಿಕ್ಕಿ ಕಣಕಾಲು ಕೀವುಗಟ್ಟಿತ್ತು. ಆದರೂ ಬೇಡಿ ಬಿಚ್ಚಲು ಜೈಲರ್ ಒಪ್ಪಲಿಲ್ಲ. “ಓಡಿ ಹೋದ್ರ ಯಾರು ಹೊಣಿ?” ಎಂದರು.

“ನಾನರಿ ಸಾಹೇಬ್ರ,” ಎಂದರು ವಾರ್ಡರ್. “ಎದ್ದು ಕುಂಡ್ರಾಕ ಆಗವಲ್ದು ಅವರಿಗೆ. ಓಡಿದ್ರ ಅವರ ಜಾಗಾದಾಗ ನನ್ನ ಹಾಕ್ರಿ.”

ಜೈಲರ್ ಕಮ್ಮಾರನನ್ನು ಕರೆಸಿದರು. ಬೇಡಿ ಕಳಚಿತು. ವಾರ್ಡರ್ ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, “ಇನ್ನ ಮಲಗ್ರಿ” ಎಂದರು. ಎಷ್ಟೋ ದಿನಗಳ ಮೇಲೆ ಕಾಲು ಮಡಚಿ, ಮಗ್ಗುಲಾಗಿ ಮಲಗಿದೆ.