ತೀರ್ಥಹಳ್ಳಿಯಲ್ಲಿ ಸಂಧ್ಯಾ ಎತ್ತಿದ ಕೈ

2024ರ ನವೆಂಬರ್ 9, ಶನಿವಾರ, ಬೆಳಗ್ಗೆ ಹನ್ನೊಂದೂವರೆ. ತೀರ್ಥಹಳ್ಳಿಯಲ್ಲಿ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಫೈನಲ್ ಶುರುವಾಯಿತು. ಎದುರಿಗಿದ್ದದ್ದು ಆ ಊರಿನದೇ ತಂಡ. ನಾನು ಆಗ ಸಾಗರದಲ್ಲಿ ಬಿ.ಕಾಂ. ಎರಡನೇ ವರ್ಷ.

ನಮ್ಮ ತಂಡದಲ್ಲಿ ಪೋಸ್ಟ್ ಆಡುವವರು ಇಬ್ಬರು. ಪೋಸ್ಟ್ ಅಂದರೆ ಬುಟ್ಟಿಯ ಕೆಳಗೇ ನಿಂತು, ಎದುರಾಳಿಗೆ ಭುಜ ಕೊಟ್ಟು ಚೆಂಡಿಗೆ ಹಾರುವ ಜಾಗ. ಒಬ್ಬಳು ನಾನು. ಇನ್ನೊಬ್ಬಳು ಹೊಸನಗರದಿಂದ ಬಂದು ಹಾಸ್ಟೆಲಿನಲ್ಲಿದ್ದ ಸಂಧ್ಯಾ. ಮೊದಲ ವರ್ಷ ಆ ಜಾಗ ನನ್ನೊಬ್ಬಳದೇ ಆಗಿತ್ತು.

ದಿನಾ ಡೈರಿ ಬರೆಯುವುದು ನನ್ನ ಅಭ್ಯಾಸ. ಅವಳು ಬಂದ ಮೇಲೆ ಪ್ರತಿ ಪಂದ್ಯದ ಪುಟದಲ್ಲಿ ಎರಡು ಸಾಲು ಬರೆಯತೊಡಗಿದೆ, ಒಂದು ನನ್ನ ಲೆಕ್ಕ, ಇನ್ನೊಂದು ಅವಳದು. ಫೈನಲ್‌ಗೆ ಮುಂಚೆ ನನ್ನ ಪಾಯಿಂಟು ಐವತ್ತೆಂಟು, ಅವಳದು ನಲವತ್ತೊಂದು. ಬೋರ್ಡಿಗೆ ಬಡಿದು ಬಂದ ಚೆಂಡು ಹಿಡಿದದ್ದು ನಾನು ಮೂವತ್ತೊಂಬತ್ತು, ಅವಳು ಐವತ್ತೆರಡು. ನಮ್ಮ ಪಿ.ಟಿ. ಸರ್ ‘ಶಭಾಷ್’ ಅಂದದ್ದು ನನಗೆ ಆರು ಸಲ, ಅವಳಿಗೆ ಹದಿನಾಲ್ಕು. ಇದನ್ನೂ ಬರೆದಿಟ್ಟಿದ್ದೆ.

ಅವಳಿಗೆ ಅದು ಗೊತ್ತಿತ್ತು. “ಎಂತ ಮಾರಾಯ್ತಿ, ನನ್ ಲೆಕ್ಕ ನಂಗಿಂತ ನಿಂಗೇ ಚೆನ್ನಾಗ್ ಗೊತ್ತಲ್ಲೆ!” ಎಂದು ಎಲ್ಲರೆದುರು ನಗುತ್ತಿದ್ದಳು. ಅವಳು ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವತ್ತು ಹೊರಡುವಾಗಲೇ ಸರ್ ಹೇಳಿದ್ದರು: “ಯೂನಿವರ್ಸಿಟಿ ಟೀಮಿಗೆ ಆರಿಸೋರು ಬರ್ತಾರೆ. ನಿಮ್ಮಿಬ್ರಲ್ಲಿ ಒಬ್ರಿಗೆ ಚಾನ್ಸ್ ಇದೆ. ಬುಟ್ಟಿ ಕೆಳಗೆ ನೀವಿಬ್ರೇ ಜಗಳ ಆಡ್ಬೇಡಿ ಮತ್ತೆ.”

ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಸಂಧ್ಯಾಳ ಅಮ್ಮ ಕಾಯುತ್ತಿದ್ದರು. ಇಡೀ ತಂಡಕ್ಕೆ ಎರಡು ದೊಡ್ಡ ಡಬ್ಬಿ ಕಡುಬು. ನನ್ನನ್ನು ನೋಡಿ, “ನೀನೇ ಅಲ್ದಾ ಚೈತ್ರಾ? ಫೋನ್ ಮಾಡಿದ್ರೆ ಇವ್ಳಿಗೆ ನಿಂದೇ ಸುದ್ದಿ” ಎಂದರು. ನಾನು ಮನೆಯಲ್ಲಿ ಅವಳ ಹೆಸರನ್ನೇ ಎತ್ತಿರಲಿಲ್ಲ. ಕಡುಬು ತುಂಬಾ ರುಚಿಯಾಗಿತ್ತು. ಅದಕ್ಕೂ ಹೊಟ್ಟೆ ಉರಿಯಿತು.

ನಮ್ಮ ಸರ್ ಒಂದು ಕಟ್ಟುನಿಟ್ಟಿನ ನಿಯಮ ಇಟ್ಟಿದ್ದರು. ಫೌಲಿಗೆ ಸಿಳ್ಳೆ ಬಿದ್ದರೆ, ರೆಫರಿ ಬೆರಳು ತೋರಿಸುವ ಮೊದಲೇ ತಪ್ಪು ಮಾಡಿದವಳು ತಾನೇ ಕೈ ಎತ್ತಬೇಕು. ಸುಮ್ಮನೆ ನಿಂತವಳಿಗೆ ಮರುದಿನ ಮೈದಾನಕ್ಕೆ ಹತ್ತು ಸುತ್ತು.

ಪಂದ್ಯ ಮುಗಿಯಲು ಮೂರು ನಿಮಿಷ ಇತ್ತು. ನಾವು ಎರಡು ಪಾಯಿಂಟ್ ಮುಂದೆ. ನನ್ನ ಹೆಸರಲ್ಲಿ ನಾಲ್ಕು ಫೌಲ್, ಸಂಧ್ಯಾಳ ಹೆಸರಲ್ಲೂ ನಾಲ್ಕು. ಐದಾದರೆ ಆಟದಿಂದ ಹೊರಗೆ. ಅವರ ಎತ್ತರದ ಹುಡುಗಿ ಬುಟ್ಟಿಗೆ ಹಾರಿದಳು. ನಾವಿಬ್ಬರೂ ಎರಡು ಕಡೆಯಿಂದ ಒಟ್ಟಿಗೆ ಹಾರಿದೆವು. ನನ್ನ ಬೆರಳ ತುದಿಗೆ ಏನೋ ತಾಗಿತು. ಚೆಂಡೋ, ಆ ಹುಡುಗಿಯ ಮಣಿಕಟ್ಟೋ, ಸಂಧ್ಯಾಳ ಕೈಯೋ ಗೊತ್ತಾಗಲಿಲ್ಲ. ಸಿಳ್ಳೆ ಬಿತ್ತು. ರೆಫರಿ ನಮ್ಮಿಬ್ಬರನ್ನೂ ನೋಡಿದರು.

ನನ್ನ ಕಾಲು ನೆಲಕ್ಕೆ ತಾಗುವಷ್ಟರಲ್ಲಿ ಸಂಧ್ಯಾ ಕೈ ಎತ್ತಿದ್ದಳು.

ಅವಳು ಹೊರಗೆ ನಡೆದಳು. ಚಪ್ಪಾಳೆ ಶುರುವಾಯಿತು. ನಮ್ಮವರದ್ದಲ್ಲ, ತೀರ್ಥಹಳ್ಳಿಯವರದ್ದು! ಔಟಾಗಿ ಹೋಗುವವಳಿಗೂ ಚಪ್ಪಾಳೆಯಾ ಎಂದು ನನಗೆ ಒಳಗೇ ಕುದಿಯಿತು.

ಆ ಹುಡುಗಿ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ಮಾತ್ರ ಹಾಕಿದಳು. ಉಳಿದ ಮೂರು ನಿಮಿಷದಲ್ಲಿ ನಾನು ನಾಲ್ಕು ಪಾಯಿಂಟ್ ಹೊಡೆದೆ, ಅವರು ಎರಡೇ. ಮೂರು ಪಾಯಿಂಟಿನಿಂದ ಗೆದ್ದೆವು. ಸಂಜೆ ಆಯ್ಕೆಯಾದವರ ಹೆಸರು ಓದಿದರು. ಪೋಸ್ಟ್‌ಗೆ ನನ್ನ ಹೆಸರು.

ವಾಪಸ್ ಬರುವಾಗ ಅವಳ ಪಕ್ಕದಲ್ಲೇ ಕೂತು ಕೇಳಿದೆ, “ನಿಜ ಹೇಳೆ, ಕೈ ಯಾರ್ದು?”

“ನಂದೇ ಕಣೆ.”

“ನಂಗೂ ಏನೋ ತಾಗಿತ್ತು.”

“ಹಂಗಿದ್ರೆ ನೀನ್ಯಾಕೆ ಎತ್ಲಿಲ್ಲ?”

“ನಾನು ಎತ್ತೋದ್ರೊಳಗೆ ನೀನು ಎತ್ತಿ ಆಗಿತ್ತು.”

“ಹಂಗಾದ್ರೆ ಆಯ್ತಲ್ಲ, ಬಿಡೆ” ಎಂದು ಕಿಟಕಿಗೆ ತಲೆ ಆನಿಸಿ ಮಲಗಿಬಿಟ್ಟಳು. ಮುಂದಿನ ವರ್ಷ ಅವಳು ಆಡಲಿಲ್ಲ. ಮಂಡಿ ನೋವು ಎಂದಳು. ಎಷ್ಟು ಸಲ ಕೇಳಿದರೂ ಅದೇ ಉತ್ತರ, “ನಂದೇ ಕಣೆ.”

ಯೂನಿವರ್ಸಿಟಿ ಕ್ಯಾಂಪಿಗೆ ಹೋದಾಗ ತೀರ್ಥಹಳ್ಳಿಯ ಆ ಎತ್ತರದ ಹುಡುಗಿಯೂ ಬಂದಿದ್ದಳು. ಮೊದಲ ದಿನವೇ ಕೇಳಿದಳು, “ಆವತ್ತು ಕೈ ಎತ್ತಿದ್ಳಲ್ಲ, ಅವ್ಳು ಬರ್ಲಿಲ್ವಾ?” ನಿನಗೆ ಹೊಡೆದದ್ದು ಯಾರು ಎಂದು ವಿಚಾರಿಸಿದೆ. “ಇಬ್ರೂ ಮೈಮೇಲೆ ಬಿದ್ರಿ, ಯಾರಿಗೆ ಗೊತ್ತು!” ಎಂದು ನಕ್ಕಳು. ಆಯ್ಕೆಯಾಗಿ ಬಂದವಳು ನಾನು, ಆದರೂ ಆಕೆ ವಿಚಾರಿಸಿದ್ದು ಸಂಧ್ಯಾಳನ್ನೇ. ಈಗಲೂ ಆ ದಿನ ನೆನಪಾದರೆ ನನಗೆ ಗೆದ್ದ ಖುಷಿಗಿಂತ ಮೊದಲು ಆ ಚಪ್ಪಾಳೆ ಕೇಳಿಸುತ್ತದೆ.

ಫೌಲ್ ಅವಳದೇ ಆಗಿದ್ದರೆ ನನ್ನ ಜಾಗ ನಾನೇ ಗಳಿಸಿದ್ದು. ನನ್ನದಾಗಿದ್ದರೆ ಅದು ಅವಳು ಕೊಟ್ಟದ್ದು. ಇದೊಂದು ತಿಳಿಯದೆ ನನಗೆ ನೆಮ್ಮದಿಯಿಲ್ಲ. ಆ ಬುಟ್ಟಿಯ ಹಿಂದೆ ನೀಲಿ ದುಪಟ್ಟಾದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಆಕೆಯಾಗಲಿ, ಅಂದು ಹತ್ತಿರದಿಂದ ನೋಡಿದ ಬೇರೆ ಯಾರೇ ಆಗಲಿ ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಕೈ ಸಂಧ್ಯಾಳದೇ ಆಗಿರಲಿ ಎಂಬುದು ನನ್ನ ಆಸೆ. ನನ್ನದಾಗಿದ್ದರೂ ಬರೆಯಿರಿ.