ಕಾಕುವಿನ ಸ್ಪೀಕರು ಸುಮ್ಮನಾದಾಗ

ಎಡಗೈ ತುಂಬ ಹಸಿರು ಗಾಜಿನ ಬಳೆ, ಬಲಗೈ ಬೋಳು. ಕಾಕುವನ್ನು ಮೊದಲ ಸಲ ನೋಡಿದವರ ಕಣ್ಣು ಆ ಬಲಗೈಗೇ ಹೋಗುತ್ತಿತ್ತು. ದೃಷ್ಟಿ ಮಂಜಾದ ಮೇಲೆ ಗೋಡೆ, ಚಿಲಕ, ಒಲೆಯ ಗುಂಡಿ ಎಲ್ಲವನ್ನೂ ಅವರು ಆ ಕೈಯಿಂದಲೇ ತಡವಿ ಗುರುತು ಹಿಡಿಯುತ್ತಿದ್ದರು. ಅಡ್ಡ ಬರುತ್ತವೆಂದು ಬಳೆ ತೆಗೆದಿಟ್ಟಿದ್ದರು. "ಈ ಕೈ ಡ್ಯೂಟಿ ಮ್ಯಾಗ ಐತಿ, ಆ ಕೈ ರಜಾದಾಗ ಐತಿ," ಎಂದು ನಗುತ್ತಿದ್ದರು.

ಅವರು ಕಲಬುರಗಿ ಕಡೆಯವರು; ಅಲ್ಲಿ ಕಾಕು ಎಂದರೆ ಚಿಕ್ಕಮ್ಮ. ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಗುಮಾಸ್ತೆಯಾಗಿ ದುಡಿದು, ಮದುವೆಯ ಗೊಡವೆಗೆ ಹೋಗದೆ, ದಿಲ್‌ಸುಖ್‌ನಗರದಲ್ಲಿ ಸ್ವಂತ ಫ್ಲ್ಯಾಟು ಮಾಡಿಕೊಂಡಿದ್ದರು. ನಿವೃತ್ತಿಯ ನಂತರ ಎರಡು ಕೋಣೆಗಳನ್ನು ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟರು. ಒಂದರಲ್ಲಿ ಕೋಠಿಯ ಔಷಧದ ಸಗಟು ಅಂಗಡಿಯಲ್ಲಿ ಕೆಲಸಕ್ಕಿದ್ದ ನಾನು. ಇನ್ನೊಂದರಲ್ಲಿ ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಬಂದಿದ್ದ ಸಿಂಧನೂರಿನ ಹುಡುಗಿ.

ಯಾರೇ ಮನೆಗೆ ಬರಲಿ, ಮೊದಲು ಬೆಲ್ಲ, ನೀರು. ಅದು ಊರಿನ ಪದ್ಧತಿ. ಮೂರನೆಯದನ್ನು ಕಾಕು ತಾವೇ ಸೇರಿಸಿದ್ದರು: ವೈಫೈ ಪಾಸ್‌ವರ್ಡು. ನನ್ನ ತಮ್ಮ, ಹುಡುಗಿಯ ಗೆಳತಿಯರು, ಗ್ಯಾಸ್ ಸಿಲಿಂಡರ್ ಹೊತ್ತು ತಂದವನು, ಎಲ್ಲರಿಗೂ ಬಾಯಿಪಾಠವಾಗಿ ಹೇಳಿಬಿಡುತ್ತಿದ್ದರು. "ಹಿಂಗ ಸಿಕ್ಕಸಿಕ್ಕವ್ರಿಗೆ ಕೊಡಬ್ಯಾಡ್ರಿ ಕಾಕು," ಎಂದು ನಾನು ಗೊಣಗಿದರೆ, "ಮನಿಗೆ ಬಂದವ್ರಿಗೆ ನೀರು, ನೆಟ್ಟು ಇಲ್ಲ ಅನಬಾರದವ್ವಾ," ಎನ್ನುತ್ತಿದ್ದರು. ಅವರೊಡನೆ ವಾದ ಮಾಡಿ ಗೆದ್ದವರನ್ನು ನಾನು ಕಾಣೆ.

ಅವರಿಗೆ ಆಸರೆಯಾಗಿದ್ದದ್ದು ಹೇಳಿದ್ದನ್ನು ಕೇಳಿ ಉತ್ತರ ಕೊಡುವ ಒಂದು ಸ್ಪೀಕರು. ಅಣ್ಣನ ಮಗ ತಂದುಕೊಟ್ಟದ್ದು. ಬೆಳಗಾದರೆ ಅದರಲ್ಲಿ ದಾಸರ ಪದ. ಕಣ್ಣಿಗೆ ಔಷಧ ಬಿಟ್ಟುಕೊಳ್ಳುವ ಹೊತ್ತು ಕೇಳುವುದೂ ಅದನ್ನೇ. ಹೈದರಾಬಾದಿ ಹಿಂದಿಯಲ್ಲಿ ಕೇಳಿ, ಉತ್ತರ ಬಂದ ಮೇಲೆ "ಶುಕ್ರಿಯಾ" ಹೇಳದೆ ಬಿಡುತ್ತಿರಲಿಲ್ಲ. ಯಂತ್ರಕ್ಕೇನು ಶುಕ್ರಿಯಾ ಎಂದು ನಾವು ಚೇಷ್ಟೆ ಮಾಡುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಕಾಕು ಮಾತು ಕಡಿಮೆ ಮಾಡಿದರು. ಅಡುಗೆಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಬಹಳ ಕೇಳಿದ ಮೇಲೆ ಬಾಯಿಬಿಟ್ಟರು: "ನನಗ ಅರಳು ಮರಳು ಚಾಲೂ ಆಗೇತಿ. ಹಾಡು ಹಚ್ಚಿರ್ತೀನಿ, ನಡುವ ನಿಂತಿರ್ತೈತಿ. ನಾನ ನಿಂದ್ರು ಅಂದ್ನೋ ಏನೋ, ನೆನಪಿರವಲ್ದು. ಟೈಮ್ ಕೇಳಿದ್ರ ಅದು ಹೇಳ್ತೈತೋ ಇಲ್ಲೋ, ನನಗ ಕೇಳಂಗಿಲ್ಲ." ಅಣ್ಣನ ಮಗನಿಗೂ ಫೋನಿನಲ್ಲಿ ಇದನ್ನೇ ಹೇಳಿದ್ದರಂತೆ. ಅವನು ಗಾಬರಿಯಾಗಿ, ಭಾನುವಾರ ಬಂದು ಕಲಬುರಗಿಗೆ ಕರೆದೊಯ್ಯುವೆನೆಂದೂ ಫ್ಲ್ಯಾಟು ಮಾರಿಬಿಡೋಣವೆಂದೂ ಹೇಳಿದ್ದ. ಕೆಟ್ಟವನಲ್ಲ. ಆದರೆ ಕಾಕುವಿಗೆ ಸ್ವಂತ ಬಾಗಿಲು ಎಂದರೆ ಏನೆಂದು ಅವನಿಗೆ ತಿಳಿದಿರಲಿಲ್ಲ. "ಹೋಗೂದ ಛಲೋ ಕಾಣ್ತದ. ನಾಳೆ ಗ್ಯಾಸ್ ಬಂದ್ ಮಾಡೂದ ಮರತ್ರ?" ಎಂದು ಕಾಕು ಕೇಳಿದರು. ಅವರಿಗೆ ಮರೆವು ಬಂದಿದೆಯೆಂದು ನಾನೂ ನಂಬಿಬಿಟ್ಟಿದ್ದೆ.

ಶನಿವಾರ ಬೆಳಿಗ್ಗೆ ಅವರ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದೆ. ಸ್ಪೀಕರಿನಲ್ಲಿ ಪದ ನಡೆದಿತ್ತು. ನನ್ನ ಫೋನಿನ ಮೇಲೆ ಅದೇ ಪದದ ಹೆಸರು, ಕೆಳಗೆ ನಿಲ್ಲಿಸುವ ಗುಂಡಿ. ಎಷ್ಟೋ ಸಲ ಕಂಡು, ಏನೋ ಜಾಹೀರಾತು ಎಂದು ಸರಿಸಿಬಿಟ್ಟಿದ್ದೆ. ನೋಡುತ್ತಿರುವಾಗಲೇ ಪದ ನಿಂತಿತು. ನಾನು ಮುಟ್ಟಿರಲಿಲ್ಲ, ಕಾಕು ತುಟಿ ಬಿಚ್ಚಿರಲಿಲ್ಲ. ಒಂದೇ ವೈಫೈ ಹಿಡಿದ ಯಾವ ಫೋನಿನಿಂದಲಾದರೂ ಅದನ್ನು ನಿಲ್ಲಿಸಬಹುದೆಂದು ಆಗ ಹೊಳೆಯಿತು. ಎದ್ದು ಪಕ್ಕದ ಕೋಣೆಗೆ ಹೋದೆ.

"ಓದಾಕ ಆಗಂಗಿಲ್ರಿ ಅಕ್ಕ, ಗದ್ದಲ," ಎಂದಳು ಹುಡುಗಿ, ಪುಸ್ತಕದಿಂದ ತಲೆ ಎತ್ತದೆ. "ಫೋನಿನಾಗ ಬರ್ತೈತಿ, ಒತ್ತಿದ್ರ ನಿಂದರ್ತೈತಿ. ಒಮ್ಮೊಮ್ಮೆ ಆವಾಜ್ ಪೂರಾ ಇಳಸ್ತೀನಿ. ಹಿರ್‍ಯಾರಿಗೆ ಹಾಡು ಬಂದ್ ಮಾಡ್ರಿ ಅಂತ ಹೆಂಗ ಹೇಳೂದ್ರಿ?"

ನನಗೆ ಮೈ ಉರಿದುಹೋಯಿತು. ಮರ್ಯಾದೆಗೆ ಅಂಜಿ ಬಾಗಿಲು ಬಡಿಯದೆ, ಮುದುಕಿಯ ತಲೆಯನ್ನೇ ಕೆಡಿಸಿಟ್ಟಿದ್ದಳು. ರಟ್ಟೆ ಹಿಡಿದು ಎಳೆತಂದು ಕಾಕುವಿನ ಮುಂದೆ ನಿಲ್ಲಿಸಿ, ಎಲ್ಲ ಹೇಳಿಸಿದೆ. ಬಯ್ಗುಳಕ್ಕೆ ಕಾದೆ. ಕಾಕು ಬಲಗೈ ಚಾಚಿ ಅವಳ ಮುಖ ತಡವಿದರು.

"ಇನ್ನೊಮ್ಮೆ ಹೇಳು. ನೀನ ಮಾಡಿದ್ದಿ?"

"ಹೂಂರಿ, ನಾನ."

"ಹಂಗಾರ ನನ್ನ ತಲಿ ಛಲೋ ಐತಿ?"

ಹುಡುಗಿ ಅಳತೊಡಗಿದಳು. ಕಾಕುವೂ ಅತ್ತರು. ಆಮೇಲೆ ಇಷ್ಟೇ ಅಂದರು: "ಬಾಗಲಾ ಬಡೀಬೇಕಿತ್ತವ್ವಾ. ನಾ ಏನ್ ಹುಲಿ ಇದ್ನೇನು?"

ಭಾನುವಾರ ಅಣ್ಣನ ಮಗ ಬಂದ, ಕೇಳಿದ, ಒಬ್ಬನೇ ಹಿಂದಿರುಗಿದ. ಪಾಸ್‌ವರ್ಡು ಬದಲಿಸಿ ಯಾರಿಗೂ ಕೊಡಬೇಡಿ ಎಂದು ನಾನು ಹಟ ಹಿಡಿದೆ. ಕಾಕು ಒಪ್ಪಲಿಲ್ಲ. ಕೊನೆಗೆ ನೆಟ್ ಹಾಕಿದವನು ಬಂದು, ಒಂದೇ ಡಬ್ಬಿಯಲ್ಲಿ ಎರಡು ವೈಫೈ ಮಾಡಬಹುದು, ಅತಿಥಿಗಳದ್ದರಲ್ಲಿ ಇರುವವರಿಗೆ ಸ್ಪೀಕರು ಕಾಣುವುದೇ ಇಲ್ಲ ಎಂದ. ಕಾಕುವಿಗೆ ಕೂಡಲೇ ತಿಳಿಯಿತು. "ಅಂದ್ರ ಪಡಸಾಲಿ! ಅಲ್ಲೀತನ ಯಾರ್ ಬಂದ್ರೂ ಕುಂದರ್ಲಿ. ಒಳಗ ಬರೋ ಮುಂದ ಕೇಳ್ಲಿ." ಎರಡಕ್ಕೂ ಹೆಸರು ಅವರೇ ಇಟ್ಟರು, ಪಡಸಾಲಿ, ಒಳಮನಿ. ನನ್ನನ್ನೂ ಪಡಸಾಲೆಯಲ್ಲೇ ಕೂರಿಸಿದರು! ಅಡುಗೆ ಮಾಡಿಕೊಳ್ಳುವಾಗ ಹಾಡು ಬೇಕೆಂದರೆ ನಾನೂ ಅವರನ್ನೇ ಕೇಳಬೇಕಿತ್ತು.

ಆದರೂ ಒಮ್ಮೆ ಹೊಕ್ಕ ಸಂಶಯ ಅವರನ್ನು ಪೂರ್ತಿ ಬಿಡಲಿಲ್ಲ. ಸ್ಪೀಕರು ಉತ್ತರಕ್ಕೆ ತುಸು ತಡಮಾಡಿದರೂ, "ಇದು ನಿಂತೈತೋ, ನಾ ನಿಂತೀನೋ?" ಎಂದು ನನ್ನನ್ನು ಕೂಗುತ್ತಿದ್ದರು. ಆ ಬೇಸಿಗೆ ಅವರಿಂದ ಕಿತ್ತುಕೊಂಡದ್ದನ್ನು ನಮ್ಮ ಯಾರಿಂದಲೂ ಮರಳಿ ಕೊಡಲಾಗಲಿಲ್ಲ. ನನಗೆ ಮಾತ್ರ ಅವರು ದೊಡ್ಡದೊಂದನ್ನು ಕೊಟ್ಟರು. ಯಾರಾದರೂ "ನಿನಗೇ ಭ್ರಮೆ" ಎಂದಾಗ ಇಂದಿಗೂ ನಾನು ತಕ್ಷಣ ತಲೆಯಾಡಿಸುವುದಿಲ್ಲ.

ವರ್ಷಗಳಾದ ಮೇಲೆ ಮರೆವು ನಿಜವಾಗಿಯೇ ಬಂತು, ಕಿವಿಯೂ ಹೋಯಿತು. ನಾನು ಆಗ ಹಿಮಾಯತ್‌ನಗರದಲ್ಲಿದ್ದೆ. ಅಣ್ಣನ ಮಗನೇ ಬಂದು ಅದೇ ಫ್ಲ್ಯಾಟಿನಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ. ನಾನು ಕೊನೆಯ ಸಲ ಹೋದಾಗ ಮಂಚದ ಪಕ್ಕದ ಸ್ಪೀಕರಿನಲ್ಲಿ ದಾಸರ ಪದ ಮೆಟ್ಟಿಲಿನವರೆಗೂ ಕೇಳುವಷ್ಟು ಜೋರಾಗಿತ್ತು. ಕಾಕು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಯಾರೋ ಬಂದ್ ಮಾಡ್ಯಾರ ನೋಡವ್ವಾ."

ಅಣ್ಣನ ಮಗ ತಲೆ ತಗ್ಗಿಸಿದ. ನಾನು ಅವರ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದೆ: "ಹೌದ್ರಿ ಕಾಕು, ಬಂದ್ ಮಾಡ್ಯಾರ. ನಿಮ್ಮ ತಲಿ ಛಲೋ ಐತಿ."

ಕಾಕು ನಕ್ಕರು. ಆ ಹುಡುಗಿ ನೌಕರಿ ಸಿಕ್ಕಿ ಎಂದೋ ಊರು ಬಿಟ್ಟಿದ್ದಳು.

"ಆಕಿಗೆ ಬೈಬ್ಯಾಡ," ಎಂದರು. "ಪರೀಕ್ಷಾ ಐತಿ, ಪಾಪ."